ಗೋಣಿಚೀಲದ ನಾಯಿಗೆ ಎರಡು ಎಕರೆ

ಪ್ರಶ್ನೆ: ಸೈನ್ಯದಲ್ಲಿದ್ದಾಗ ನಾಗಾಲ್ಯಾಂಡಿನ ದಿಮಾಪುರದ ಸಂತೆಯಲ್ಲಿ ಮಾಂಸಕ್ಕೆಂದು ತಂದ ನಾಯಿಗಳನ್ನು ನೋಡಿದ್ದೆ. ಬಾಯಿಗೆ ಹಗ್ಗ, ಮೈಯೆಲ್ಲ ಗೋಣಿಚೀಲದೊಳಗೆ, ತಲೆಯಷ್ಟೇ ಹೊರಗೆ. ಈಗ ನಿವೃತ್ತನಾಗಿದ್ದೇನೆ. ಎರಡು ಎಕರೆ ಜಮೀನಿದೆ. ಅಂಥ ನಾಯಿಗಳನ್ನು ಇಲ್ಲಿಗೆ ತಂದು ಸಾಕಬೇಕೆಂದಿದ್ದೇನೆ. ಮನೆಯಲ್ಲಿ ‘ತಲಿ ಕೆಟ್ಟೈತೇನು’ ಅಂತಾರೆ. ಏನು ಮಾಡಲಿ, ಡಾಕ್ಟರ್ ಸಾಹೇಬ್ರೇ?
– ಮಾಜಿ ಸೈನಿಕ, ಲಿಂಗಸುಗೂರು ತಾಲ್ಲೂಕು

ಉತ್ತರ: ತಲೆ ನೆಟ್ಟಗೇ ಇದೆ. ಆದರೆ ಅಲ್ಲಿಂದ ನಾಯಿ ತರೋದು ಬೇಡ. ಚೀಲದಿಂದ ಬಿಡಿಸಿದ ಪ್ರಾಣಿಯನ್ನು ಮತ್ತೆ ಪಂಜರಕ್ಕೆ ತುಂಬಿ, ದಿನಗಟ್ಟಲೆ ರೈಲಿನಲ್ಲಿ ತಂದು, ನಮ್ಮ ರಾಯಚೂರಿನ ಮೇ ಬಿಸಿಲಿಗೆ ಇಳಿಸೋದು ಯಾವ ಪುಣ್ಯ? ಅಲ್ಲಿಯೇ ಈ ಕೆಲಸ ಮಾಡುವವರಿಗೆ ದುಡ್ಡು ಕಳಿಸಿ. ಅವರಿಗೆ ಕಾನೂನಿನ ಬಲವೂ ಸಾಲದು: 2020ರ ಜುಲೈನಲ್ಲಿ ನಾಗಾಲ್ಯಾಂಡ್ ಸರ್ಕಾರ ನಾಯಿಮಾಂಸ ಮಾರಾಟ ನಿಷೇಧಿಸಿತು, 2023ರ ಜೂನ್‌ನಲ್ಲಿ ಗುವಾಹಟಿ ಹೈಕೋರ್ಟಿನ ಕೊಹಿಮಾ ಪೀಠ ಆ ಆದೇಶವನ್ನು ರದ್ದು ಮಾಡಿತು. ದಕ್ಷಿಣ ಕೊರಿಯಾ 2024ರ ಜನವರಿಯಲ್ಲಿ ನಾಯಿಮಾಂಸದ ದಂಧೆ ನಿಲ್ಲಿಸಲು ಕಾಯ್ದೆ ತಂದು 2027ರ ಫೆಬ್ರುವರಿಯ ಗಡುವು ಕೊಟ್ಟಿತು. ಫಾರಂಗಳಲ್ಲಿದ್ದ ಲಕ್ಷಗಟ್ಟಲೆ ನಾಯಿಗಳನ್ನು ಎಲ್ಲಿಡೋದು ಅನ್ನುವ ತಲೆನೋವು ಆಮೇಲೆ ಶುರುವಾಯಿತು.

ನಿಮ್ಮ ಜಮೀನಿನಲ್ಲಿ ನಮ್ಮೂರ ನಾಯಿಗಳನ್ನೇ ಸಾಕಿ. ಲಾರಿಗೆ ಸಿಕ್ಕು ಕಾಲು ಕಳಕೊಂಡವು, ಕಣ್ಣು ಹೋದವು. ಗಟ್ಟಿಮುಟ್ಟಾದ ಬೀದಿನಾಯಿ ಹಿಡಿದು ತುಂಬಬೇಡಿ. ಅವಕ್ಕೆ ಸಂತಾನಹರಣ ಮಾಡಿ, ಲಸಿಕೆ ಹಾಕಿ, ಸಾಮಾನ್ಯವಾಗಿ ಹಿಡಿದಲ್ಲೇ ಬಿಡುವ ನಿಯಮ ಬೇರೆ ಇದೆ.

ಮೊದಲು ಬೇಸಿಗೆಯಲ್ಲಿ ಬೋರ್ ನೀರು ಕೊಡುತ್ತದೋ ನೋಡಿ. ಆಮೇಲೆ ಗೇಟಿನ ಪಕ್ಕ, ಉಳಿದವುಗಳಿಂದ ದೂರ ಒಂದು ಕೋಣೆ ಕಟ್ಟಿಸಿ. ಹೊಸದಾಗಿ ಬಂದ ನಾಯಿ ಎರಡು ವಾರ ಅಲ್ಲೇ ಇರಲಿ. ಡಿಸ್ಟೆಂಪರ್ ಅನ್ನುವ ನಾಯಿಗಳ ಅಂಟುರೋಗ ಒಳಗೆ ಹೊಕ್ಕರೆ ಸಾಲಾಗಿ ಮಲಗಿಸುತ್ತದೆ. ನಾಯಿಗಳಿಗೆ ವಾಂತಿ-ಭೇದಿ ತರುವ ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ; ಆದ್ದರಿಂದ ಆ ಕೋಣೆಗೆ ಫರಸಿ ಹಾಕಿಸಿ, ಬ್ಲೀಚಿಂಗ್ ಪೌಡರ್ ನೀರಿನಲ್ಲಿ ತೊಳೆಸಿ. ತಗಡಿನ ಮಾಡು ಮಾತ್ರ ಬೇಡವೇ ಬೇಡ. ರೇಬೀಸ್ ಲಸಿಕೆ ನಾಯಿಗಳಿಗೂ ಬೇಕು, ಮುಟ್ಟುವ ಆಳುಗಳಿಗೂ ನಿಮಗೂ ಮುಂಚಿತವಾಗಿಯೇ ಬೇಕು. ಕಚ್ಚಿದ ಮೇಲಷ್ಟೇ ಓಡೋದಲ್ಲ.

ಹೊಡೆತ ತಿಂದು ಬೆದರಿದ ನಾಯಿಯ ಹತ್ತಿರ ಹಗ್ಗ ಹಿಡಿದು ಹೋಗಬೇಡಿ. ತಾಟು ಇಟ್ಟು, ಅದಕ್ಕೆ ಬೆನ್ನು ಮಾಡಿ, ನೆಲದ ಮೇಲೆ ಮೊಬೈಲ್ ನೋಡುತ್ತ ಕೂತುಬಿಡಿ. (ಮೊಬೈಲಿನಿಂದ ಆಗುವ ಉಪಕಾರ ಇದೊಂದೇ.) ತಾನಾಗಿ ಬಂದು ಮೊಣಕೈ ಮೂಸುವ ತನಕ ಕೈ ಚಾಚಬೇಡಿ. ವಾರವೂ ಹಿಡಿದೀತು, ತಿಂಗಳೂ ಹಿಡಿದೀತು.

ನಾಯಿ ಹತ್ತು ಹನ್ನೆರಡು ವರ್ಷ ಬದುಕುತ್ತದೆ, ಪಿಂಚಣಿಯಲ್ಲಿ ಎಷ್ಟನ್ನು ಸಾಕಬಲ್ಲಿರೋ ಅಷ್ಟನ್ನೇ ತನ್ನಿ. ಟ್ರಸ್ಟ್ ಮಾಡುವುದಾದರೆ ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿ; ಪ್ರಾಣಿ ಕಲ್ಯಾಣ ಮಂಡಳಿಯ ಕಾಗದಪತ್ರ ಏನೇನು ಬೇಕೆಂದು ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಕೇಳಿಕೊಳ್ಳಿ.