ಎಲ್ಲರೂ ಬೈಯುವ ಆಟಗಳೇ ನನಗೆ ಹಿಡಿಸುತ್ತವೆ

ಪ್ರಶ್ನೆ: ನನಗೆ 29 ವರ್ಷ, ಉದ್ಯೋಗದಲ್ಲಿದ್ದೇನೆ. ಕಾಲೇಜಿನ ದಿನಗಳಿಂದ ಜೊತೆಗಿರುವ ಮೂವರು ಗೆಳೆಯರೊಂದಿಗೆ ವಾರಾಂತ್ಯದ ರಾತ್ರಿಗಳಲ್ಲಿ ಆನ್‌ಲೈನ್ ಗೇಮ್ ಆಡುತ್ತೇನೆ. ನನ್ನ ಸಮಸ್ಯೆ ನಿಮಗೆ ವಿಚಿತ್ರವೆನಿಸಬಹುದು. ಹೆಚ್ಚಿನವರು ಕೆಟ್ಟದ್ದೆಂದು ತಳ್ಳಿಹಾಕಿದ ಗೇಮ್‌ಗಳೇ ನನಗೆ ಇಷ್ಟವಾಗುತ್ತವೆ. ‘ಡ್ರ್ಯಾಗನ್ ಏಜ್ 2’ ಗೇಮನ್ನು ಹಲವು ಸಲ ಮುಗಿಸಿದ್ದೇನೆ. ಕಥೆಯೆಲ್ಲ ಒಂದೇ ನಗರದಲ್ಲಿ ನಡೆಯುತ್ತ ವರ್ಷಗಳು ಉರುಳುವುದು ನನಗೆ ಬಹಳ ಹಿಡಿಸಿತು. ‘ಫೈನಲ್ ಫ್ಯಾಂಟಸಿ 13’ ಕೂಡ ಹಾಗೆಯೇ. 2016ರಲ್ಲಿ ‘ನೋ ಮ್ಯಾನ್ಸ್ ಸ್ಕೈ’ ಬಂದು, ಇದು ಮೋಸ ಎಂದು ಎಲ್ಲರೂ ಕೂಗಾಡುತ್ತಿದ್ದಾಗ ನಾನು ಪ್ಲೇಸ್ಟೇಷನ್‌ನಲ್ಲಿ ಅದನ್ನೇ ಆಡುತ್ತ ಮೈಮರೆತಿದ್ದೆ. ಈಗ ಯಾವುದೇ ಗೇಮ್ ನೆಗೆದುಬಿದ್ದರೂ ಗೆಳೆಯರು ‘ಇವನಿಗೆ ಹೇಳ್ರೋ, ಖುಷಿಪಡ್ತಾನೆ’ ಎನ್ನುತ್ತಾರೆ. ಅವರೊಡನೆ ನಾನೂ ನಗುತ್ತೇನೆ. ಆದರೆ ಇತ್ತೀಚೆಗೆ, ಗೇಮ್ ಕೊಂಡು ಆಡುವ ತಾಣವಾದ ಸ್ಟೀಮ್‌ನಲ್ಲಿ ಗೆಳೆಯರಿಗೆ ಕಾಣದಂತೆ ಇನ್‌ವಿಸಿಬಲ್ ಆಗಿಯೇ ಆಡುತ್ತೇನೆ, ಕೆಲವು ಗೇಮ್‌ಗಳನ್ನು ಪ್ರೈವೇಟ್ ಎಂದು ಗುರುತು ಹಾಕಿದ್ದೇನೆ, ನಿನ್ನೆ ಏನು ಮಾಡುತ್ತಿದ್ದೆ ಎಂದು ಕೇಳಿದರೆ ಮಲಗಿದ್ದೆ ಎಂದು ಸುಳ್ಳು ಹೇಳುತ್ತೇನೆ. ಇನ್ನೊಂದು ಮಾತು: ‘ನೋ ಮ್ಯಾನ್ಸ್ ಸ್ಕೈ’ಯನ್ನು ಈಗ ಎಲ್ಲರೂ ಹೊಗಳುತ್ತಿದ್ದಾರೆ. ನನಗೆ ಸಂತೋಷವಾಗಬೇಕಿತ್ತು, ಆಗುತ್ತಿರುವುದು ಬೇಸರ. ನನ್ನ ಅಭಿರುಚಿಯೇ ಕೆಟ್ಟಿದೆಯೇ? ಅಥವಾ ಎಲ್ಲರಿಗಿಂತ ಬೇರೆಯಾಗಿ ಕಾಣಬೇಕೆಂಬ ಹಟವೇ?
– ಹೆಸರು, ಊರು ಬೇಡ

ಉತ್ತರ: ನಿಮ್ಮ ಅಭಿರುಚಿ ಕೆಟ್ಟಿಲ್ಲ. ಆದರೆ ‘ಅವರವರ ಇಷ್ಟ ಅವರವರಿಗೆ’ ಎಂದಷ್ಟೇ ಹೇಳಿ ನಾನು ಕೈತೊಳೆದುಕೊಂಡರೆ ನಿಮಗೆ ಸಮಾಧಾನವಾಗದು. ಆ ಮಾತನ್ನು ನಿಮಗೆ ನೀವೇ ಎಷ್ಟೋ ಬಾರಿ ಹೇಳಿಕೊಂಡಿರುತ್ತೀರಿ. ಅದರಿಂದ ಪ್ರಯೋಜನವಾಗಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಆದ್ದರಿಂದ, ಒಂದು ಗೇಮ್ ಕೆಟ್ಟದ್ದು ಎಂದು ಬಹಳ ಜನ ಹೇಳುವಾಗ ಅವರು ನಿಜವಾಗಿ ಯಾವ ಪ್ರಶ್ನೆಗೆ ಉತ್ತರಿಸುತ್ತಿರುತ್ತಾರೆ ಎಂಬುದನ್ನು ಮೊದಲು ನೋಡೋಣ. ನಿಮ್ಮ ಗೊಂದಲದ ದೊಡ್ಡ ಪಾಲು ಅಲ್ಲಿಯೇ ಹುಟ್ಟಿದೆ ಎಂದು ನನಗನಿಸುತ್ತದೆ.

‘ಡ್ರ್ಯಾಗನ್ ಏಜ್’ ಸರಣಿಯ ಮೊದಲ ಗೇಮ್ ಬಂದದ್ದು 2009ರಲ್ಲಿ. ಅದರಲ್ಲಿ ಇಡೀ ರಾಜ್ಯವೊಂದನ್ನು ಸುತ್ತಬಹುದಿತ್ತು. ಯಾವ ಕುಲದವರಾಗಿ, ಯಾವ ಹಿನ್ನೆಲೆಯಿಂದ ಕಥೆಗೆ ಕಾಲಿಡಬೇಕು ಎಂಬುದನ್ನು ಆಡುವವರೇ ಆರಿಸಿಕೊಳ್ಳಬಹುದಿತ್ತು. ಎರಡನೆಯದು ತೀರ ಕಡಿಮೆ ಅವಧಿಯಲ್ಲಿ ತಯಾರಾಗಿ 2011ರಲ್ಲಿಯೇ ಬಂದುಬಿಟ್ಟಿತು. ಅವಸರದ ಗುರುತುಗಳು ಅದರ ಮೈತುಂಬ ಇದ್ದವು: ಒಂದೇ ಗುಹೆಗೆ ಬೇರೆಬೇರೆ ಬಾಗಿಲು ಮುಚ್ಚಿ, ಬೇರೆಬೇರೆ ಹೆಸರಿಟ್ಟು ಆಡುವವರನ್ನು ಅಲ್ಲಿಗೇ ಮತ್ತೆಮತ್ತೆ ಕಳುಹಿಸಲಾಗಿತ್ತು. ಮೊದಲ ಗೇಮನ್ನು ಮೆಚ್ಚಿ ಎರಡನೆಯದಕ್ಕೆ ಹಣ ಕೊಟ್ಟವರು ಸಿಟ್ಟಾದದ್ದರಲ್ಲಿ ತಪ್ಪೇನೂ ಇಲ್ಲ. ಅವರು ಕೇಳಿದ ಪ್ರಶ್ನೆ, ‘ನಮಗೆ ಕೊಡುತ್ತೇವೆ ಎಂದದ್ದನ್ನು ಕೊಟ್ಟಿದ್ದಾರೆಯೇ?’ ಎಂಬುದು. ನಿಮ್ಮ ಮುಂದೆ ಇದ್ದ ಪ್ರಶ್ನೆ ಬೇರೆಯದೇ: ‘ಈ ನಗರದಲ್ಲಿ ಇನ್ನೊಂದು ಸಂಜೆ ಕಳೆಯಲು ನನಗೆ ಮನಸ್ಸಿದೆಯೇ?’ ನಿರಾಶ್ರಿತನಾಗಿ ಬಂದವನೊಬ್ಬ ಒಂದೇ ನಗರದಲ್ಲಿ ಹಲವು ವರ್ಷ ಬಾಳಿ ಬೆಳೆಯುವುದು, ಅವನ ಸಂಗಾತಿಗಳು ಸ್ನೇಹಿತರಾಗಿ ಮಾತ್ರವಲ್ಲದೆ ಪ್ರತಿಸ್ಪರ್ಧಿಗಳಾಗಿಯೂ ಅವನ ಪಕ್ಕದಲ್ಲಿ ನಿಲ್ಲಬಲ್ಲವರಾಗಿರುವುದು, ಇಂಥದ್ದು ದೊಡ್ಡ ರಾಜ್ಯವನ್ನು ಸುತ್ತಿಸುವ ಗೇಮ್‌ಗಳಲ್ಲಿ ಸುಲಭವಾಗಿ ಸಿಗುವುದಿಲ್ಲ. ಎರಡು ಪ್ರಶ್ನೆಗಳಿಗೆ ಎರಡು ಉತ್ತರಗಳು ಬಂದಿವೆ. ಎರಡೂ ನಿಜವಾಗಿರಲು ಅಡ್ಡಿಯೇನೂ ಇಲ್ಲ. ‘ಫೈನಲ್ ಫ್ಯಾಂಟಸಿ 13’ರ ವಿಷಯವೂ ಹೆಚ್ಚುಕಡಿಮೆ ಇದೇ. ಹನ್ನೊಂದನೇ ಅಧ್ಯಾಯದವರೆಗೆ ಅದು ಉದ್ದನೆಯ ಓಣಿ ಎಂಬ ದೂರು ಸರಿಯಾದದ್ದೇ. ಆದರೆ ದಿನವಿಡೀ ದುಡಿದು ಬಂದು, ದಾರಿ ಹುಡುಕುವ ತಾಪತ್ರಯವಿಲ್ಲದೆ, ಕಾದಾಟದ ನಡುವೆಯೇ ತಂಡದ ಪಾತ್ರಗಳನ್ನು ಅದಲುಬದಲು ಮಾಡುವ ಆ ವ್ಯವಸ್ಥೆಯ ರುಚಿಯನ್ನಷ್ಟೇ ಬಯಸುವವರಿಗೆ ಓಣಿ ಒಂದು ಅನುಕೂಲ.

ಇನ್ನು ಬಹುಮತವನ್ನು ಅಳೆಯುವ ವಿಧಾನ. ಸ್ಟೀಮ್‌ನಲ್ಲಿ ವಿಮರ್ಶೆ ಬರೆಯುವವರಿಗೆ ಇರುವುದು ಎರಡೇ ಆಯ್ಕೆ, ಹೆಬ್ಬೆರಳು ಮೇಲಕ್ಕೆ ಅಥವಾ ಕೆಳಕ್ಕೆ. ಬರೆದವರಲ್ಲಿ ಶೇಕಡಾ 40ರಿಂದ 69ರಷ್ಟು ಮಂದಿ ಮೇಲಕ್ಕೆ ತೋರಿಸಿದರೆ ಆ ಗೇಮಿಗೆ ‘ಮಿಕ್ಸ್ಡ್’ ಎಂಬ ಹಣೆಪಟ್ಟಿ, 20ರಿಂದ 39ರಷ್ಟಾದರೆ ‘ಮೋಸ್ಟ್‌ಲಿ ನೆಗೆಟಿವ್’. ಅಂದರೆ ನೂರರಲ್ಲಿ ಮೂವತ್ತೈದು ಜನ ಬೇರೆಯವರಿಗೂ ಆಡಲು ಹೇಳಿರುವ ಗೇಮನ್ನು ನಿಮ್ಮ ಗೆಳೆಯರು ‘ಯಾರಿಗೂ ಇಷ್ಟವಾಗದ್ದು’ ಎಂದು ಕರೆಯುತ್ತಿರಬಹುದು. ಆ ಮೂವತ್ತೈದು ಜನರಲ್ಲಿ ನೀವೊಬ್ಬರು, ಅಷ್ಟೇ. ವಿಮರ್ಶೆಯನ್ನೇ ವೃತ್ತಿ ಮಾಡಿಕೊಂಡವರ ನಡುವೆಯೂ ಒಮ್ಮತವಿರುವುದಿಲ್ಲ. 2010ರಲ್ಲಿ ಬಂದ ‘ಡೆಡ್ಲಿ ಪ್ರೆಮೊನಿಶನ್’ ಎಂಬ ಗೇಮಿಗೆ ಒಂದು ಪ್ರಮುಖ ತಾಣ ಹತ್ತಕ್ಕೆ ಎರಡು ಅಂಕ ಕೊಟ್ಟರೆ ಇನ್ನೊಂದು ಹತ್ತಕ್ಕೆ ಹತ್ತು ಕೊಟ್ಟಿತು; ವಿಮರ್ಶಕರನ್ನು ಅತಿ ಹೆಚ್ಚು ಇಬ್ಭಾಗ ಮಾಡಿದ ಭಯಾನಕ ಗೇಮ್ ಎಂದು ಗಿನ್ನೆಸ್ ಅದನ್ನು ದಾಖಲಿಸಿಕೊಂಡಿದೆ. ಆಡದೆಯೇ ಅಂಕ ಕೊಡುವವರ ಕಥೆ ಇನ್ನೂ ಬೇರೆ. 2020ರ ಜೂನ್‌ನಲ್ಲಿ ‘ದ ಲಾಸ್ಟ್ ಆಫ್ ಅಸ್ ಪಾರ್ಟ್ 2’ ಬಿಡುಗಡೆಯಾದಾಗ, ಮುಗಿಸಲು ಇಪ್ಪತ್ತು ಗಂಟೆಗೂ ಹೆಚ್ಚು ಬೇಕಾದ ಆ ಗೇಮಿಗೆ ಕೆಲವೇ ಗಂಟೆಗಳಲ್ಲಿ ಸೊನ್ನೆಗಳ ಸುರಿಮಳೆಯಾಯಿತು. ಮರುತಿಂಗಳು, ಇಂಥ ಅಂಕಗಳನ್ನು ಕಲೆಹಾಕುವ ಮೆಟಾಕ್ರಿಟಿಕ್ ತಾಣ, ಹೊಸ ಗೇಮ್ ಬಂದ ಮೇಲೆ ಬಳಕೆದಾರರು 36 ಗಂಟೆ ಕಾದು ಅಂಕ ಕೊಡಬೇಕೆಂಬ ನಿಯಮ ತಂದಿತು.

ಇಷ್ಟು ಹೇಳಿದ್ದು ಬಹುಮತ ಯಾವಾಗಲೂ ತಪ್ಪು ಎಂದು ನೀವು ತಿಳಿಯಲಿ ಎಂದಲ್ಲ. ಆಡುವವರ ಜೇಬಿಗೆ ಕೈಹಾಕುವ ರೀತಿಯಿಂದಾಗಿ ಬೈಗುಳ ತಿಂದ ಗೇಮ್‌ಗಳ ವಿಷಯದಲ್ಲಿ ಜನರ ಮಾತಿಗೆ ಕಿವಿಗೊಡಿ. 2017ರಲ್ಲಿ ‘ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2’ ಗೇಮಿನ ಲೂಟ್ ಬಾಕ್ಸ್‌ಗಳ ವಿರುದ್ಧ ಎದ್ದ ಗಲಾಟೆ ರುಚಿಗೆ ಸಂಬಂಧಿಸಿದ್ದಾಗಿರಲಿಲ್ಲ. ಅದೃಷ್ಟದ ಪೆಟ್ಟಿಗೆಗೆ ಹಣ ಸುರಿಯುವಂತೆ ಮಾಡುವುದು ಸರಿಯೇ ಎಂಬ ಪ್ರಶ್ನೆ ಅಲ್ಲಿತ್ತು, ಮರುವರ್ಷ ಬೆಲ್ಜಿಯಂನ ಅಧಿಕಾರಿಗಳು ಅಂಥ ಪೆಟ್ಟಿಗೆಗಳನ್ನು ಜೂಜೆಂದೇ ಪರಿಗಣಿಸಿದರು. ನಿಮ್ಮ ಪಟ್ಟಿಯಲ್ಲಿ ಆ ಬಗೆಯ ಗೇಮ್ ಕಾಣಲಿಲ್ಲವಾದ್ದರಿಂದ ಈ ಮಾತನ್ನು ಇಲ್ಲಿಗೇ ಬಿಡುತ್ತೇನೆ.

ಪತ್ರದಲ್ಲಿ ನನಗೆ ಹೆಚ್ಚು ಆತಂಕವೆನಿಸಿದ್ದು ‘ಮಲಗಿದ್ದೆ’ ಎಂಬ ಸುಳ್ಳು. ಆ ಸುಳ್ಳಿನಿಂದ ಯಾರಿಗೂ ನಷ್ಟವಾಗಿಲ್ಲ ಎಂದು ನೀವು ವಾದಿಸಬಹುದು. ಆದರೆ ವಾರವಿಡೀ ನಿಮಗೆ ಅತಿ ಹೆಚ್ಚು ಸಂತೋಷ ಕೊಟ್ಟ ಗಂಟೆಗಳ ಬಗ್ಗೆ ಹತ್ತಿರದ ಗೆಳೆಯರಿಗೆ ಒಂದು ಮಾತೂ ಹೇಳಲಾಗದ ಸ್ಥಿತಿಗೆ ನೀವು ಬಂದಿದ್ದೀರಿ, ಅದೂ ಯಾರೂ ಒತ್ತಾಯ ಮಾಡದೆ. ಅವರು ತಮಾಷೆ ಮಾಡುತ್ತಾರೆ, ನಿಜ. ಅದರಿಂದ ನಿಮಗೆ ನೋವಾಗುತ್ತಿದೆ ಎಂಬುದು ಅವರಿಗೆ ಗೊತ್ತೇ ಎಂದು ಕೇಳಿಕೊಳ್ಳಿ. ನೀವೂ ಜೊತೆಗೆ ನಕ್ಕಿದ್ದೀರಿ ಎಂದು ಬರೆದಿದ್ದೀರಿ. ಹಾಗಿದ್ದರೆ ಅವರಿಗೆ ತಿಳಿಯುವ ದಾರಿ ಯಾವುದು? ಗುಂಪಿನ ತಮಾಷೆ ಒಮ್ಮೆ ಒಬ್ಬನ ಮೇಲೆ ಅಂಟಿಕೊಂಡರೆ, ಆಡುವವರಿಗೆ ಅದು ಬರೀ ಅಭ್ಯಾಸವಾಗಿರುತ್ತದೆ, ಕೇಳುವವನಿಗೆ ಮಾತ್ರ ಪ್ರತಿಸಲವೂ ಹೊಸದಾಗಿ ತಾಗುತ್ತದೆ.

ಮೂವರಿಗೂ ಒಟ್ಟಿಗೆ, ಗೇಮ್ ನಡೆಯುತ್ತಿರುವಾಗ ಹೆಡ್‌ಸೆಟ್‌ನಲ್ಲಿ ಈ ವಿಷಯ ಎತ್ತಬೇಡಿ. ಅಲ್ಲಿ ಅದು ಇನ್ನೊಂದು ತಮಾಷೆಯಾಗಿಬಿಡುತ್ತದೆ. ಮೂವರಲ್ಲಿ ನಿಮಗೆ ಹೆಚ್ಚು ಹತ್ತಿರದವರು ಯಾರೋ ಅವರೊಬ್ಬರಿಗೆ ಬಿಡುವಿನಲ್ಲಿ ಫೋನ್ ಮಾಡಿ, ‘ಆ ಮಾತು ಮೊದಮೊದಲು ನನಗೂ ಮೋಜೆನಿಸುತ್ತಿತ್ತು, ಈಗ ಹಾಗೆನಿಸುತ್ತಿಲ್ಲ’ ಎಂದಷ್ಟೇ ಹೇಳಿ. ಗೇಮಿನ ಪರವಾಗಿ ವಕಾಲತ್ತು ವಹಿಸಲು ಹೋಗಬೇಡಿ. ನಿಮ್ಮಂಥವರು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ: ಪ್ರೀತಿಸುವ ಗೇಮಿನ ಪ್ರತಿಯೊಂದು ದೋಷವನ್ನೂ ಸಮರ್ಥಿಸಲು ಹೊರಟು, ಕೊನೆಗೆ ಅದೇ ಗುಹೆ ಮತ್ತೆಮತ್ತೆ ಬರುವುದರಲ್ಲಿಯೂ ಏನೋ ಗೂಢಾರ್ಥವಿದೆ ಎನ್ನುವವರೆಗೆ ಹೋಗುತ್ತಾರೆ. ಗುಹೆ ಅದೇ, ಕಾರಣ ಅವಸರ, ಅದನ್ನು ಒಪ್ಪಿಕೊಂಡುಬಿಡಿ. ದೋಷವನ್ನು ನೀವೇ ಮೊದಲು ಹೇಳಿದರೆ ಗೆಳೆಯರ ಕೈಯಲ್ಲಿ ವಾದಕ್ಕೆ ಏನೂ ಉಳಿಯುವುದಿಲ್ಲ, ಆಗಲಾದರೂ ‘ಹಾಗಿದ್ದೂ ನಿನಗೆ ಯಾಕೆ ಇಷ್ಟ?’ ಎಂದು ಅವರು ಕೇಳಿಯಾರು. ಕೇಳಿದರೆ ನಿಮ್ಮ ಸ್ಕ್ರೀನ್ ಹಂಚಿಕೊಂಡು, ನಿಮಗೆ ಬಹಳ ಹಿಡಿಸಿದ ಒಂದು ದೃಶ್ಯವನ್ನು ಅರ್ಧ ಗಂಟೆ ಆಡಿ ತೋರಿಸಿ. ಅವರಿಗೂ ಅದು ಇಷ್ಟವಾಗಲೇಬೇಕೆಂಬ ನಿರೀಕ್ಷೆ ಮಾತ್ರ ಬೇಡ. ಆ ಪ್ರೈವೇಟ್ ಗುರುತುಗಳನ್ನು ಈ ವಾರವೇ ತೆಗೆದುಬಿಡಿ. ಒಬ್ಬರೇ ನೆಮ್ಮದಿಯಾಗಿ ಆಡಬೇಕೆನಿಸಿದ ರಾತ್ರಿ ಇನ್‌ವಿಸಿಬಲ್ ಆಗುವುದರಲ್ಲಿ ತಪ್ಪೇನಿಲ್ಲ. ಮರುದಿನ ಕೇಳಿದಾಗ ಸುಳ್ಳು ಹೇಳದಿದ್ದರೆ ಸಾಕು.

ಈಗ ನಿಮ್ಮ ಕೊನೆಯ ಪ್ರಶ್ನೆ, ಹಟದ ಪ್ರಶ್ನೆ. ಇದನ್ನು ಸ್ವತಃ ಕೇಳಿಕೊಳ್ಳುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. ‘ನೋ ಮ್ಯಾನ್ಸ್ ಸ್ಕೈ’ ಹೊಗಳಿಕೆ ಪಡೆದಾಗ ನಿಮಗಾದ ಬೇಸರದಲ್ಲಿ ಎರಡು ಎಳೆಗಳಿವೆ ಎಂದು ನನಗನಿಸುತ್ತದೆ. ಒಂದು ಎಳೆ ನ್ಯಾಯವಾದದ್ದು. ನೀವು 2016ರ ಆಗಸ್ಟ್‌ನಲ್ಲಿ ಆಡಿದ ಗೇಮ್ ಈಗಿನದಲ್ಲ. ಅಂದು ಅದು ಎರಡರ ಅರವತ್ತನಾಲ್ಕನೇ ಘಾತದಷ್ಟು ಗ್ರಹಗಳ ನಡುವೆ ಒಬ್ಬನೇ ಅಲೆಯುವ, ಮಾಡಲು ಹೆಚ್ಚೇನೂ ಇಲ್ಲದ, ಇನ್ನೊಬ್ಬ ಆಟಗಾರ ಕಣ್ಣಿಗೆ ಬೀಳದ ಗೇಮ್ ಆಗಿತ್ತು. ಅದೇ ನವೆಂಬರ್‌ನಲ್ಲಿ ನೆಲೆ ಕಟ್ಟಿಕೊಳ್ಳುವ ಅವಕಾಶ ಬಂತು, 2018ರ ‘ನೆಕ್ಸ್ಟ್’ ಅಪ್‌ಡೇಟ್‌ನಲ್ಲಿ ನಾಲ್ಕು ಜನ ಕೂಡಿ ಆಡುವ ವ್ಯವಸ್ಥೆ ಬಂತು, ಆಮೇಲೂ ವರ್ಷವರ್ಷ ಏನಾದರೊಂದು ಸೇರುತ್ತಲೇ ಹೋಯಿತು. ಜನ ಬೇಡಿದ್ದನ್ನೆಲ್ಲ ತಯಾರಕರು ಕೊಟ್ಟರು, ಶ್ಲಾಘನೀಯವೇ; ಆದರೆ ನಿಮಗೆ ಪ್ರಿಯವಾಗಿದ್ದ ಒಂಟಿತನ ಆ ಸೇರ್ಪಡೆಗಳ ಅಡಿಯಲ್ಲಿ ಮುಚ್ಚಿಹೋಯಿತು. ಇಷ್ಟದ ವಸ್ತುವೊಂದು ಇಲ್ಲವಾದಾಗ ಬೇಸರವಾಗುವುದು ಹಟವಲ್ಲ. ನಿಮ್ಮಲ್ಲಿ ಅಂದಿನ ಪ್ಲೇಸ್ಟೇಷನ್ 4 ಡಿಸ್ಕ್ ಇನ್ನೂ ಇದ್ದರೆ, ಕನ್ಸೋಲನ್ನು ಇಂಟರ್ನೆಟ್‌ನಿಂದ ಬೇರ್ಪಡಿಸಿ ಡಿಸ್ಕ್‌ನಿಂದಷ್ಟೇ ಇನ್‌ಸ್ಟಾಲ್ ಮಾಡಿ ಹೊಸದಾಗಿ ಆರಂಭಿಸಿ ನೋಡಿ. ಡಿಸ್ಕ್‌ನಲ್ಲಿರುವುದು ಹೆಚ್ಚುಕಡಿಮೆ ಅಂದಿನ ಗೇಮೇ.

ಇನ್ನೊಂದು ಎಳೆಯನ್ನು ನೀವೇ ಪರೀಕ್ಷಿಸಬೇಕು. ಬಹಳ ಕಾಲ ಒಬ್ಬರೇ ಇಷ್ಟಪಟ್ಟ ಗೇಮ್ ನಿಧಾನವಾಗಿ ನಮ್ಮ ಗುರುತಿನ ಚೀಟಿಯಾಗಿಬಿಡುತ್ತದೆ, ಬೇರೆಯವರೂ ಅದನ್ನು ಮೆಚ್ಚಿದರೆ ಗುರುತು ಕಳೆದುಹೋದಂತೆನಿಸುತ್ತದೆ. ನಾಳೆ ನಿಮ್ಮ ಮೂವರು ಗೆಳೆಯರೂ ‘ಡ್ರ್ಯಾಗನ್ ಏಜ್ 2’ ಆಡಿ, ಇದು ಅದ್ಭುತ ಎಂದು ನಿಮಗಿಂತ ಜೋರಾಗಿ ಹೊಗಳತೊಡಗಿದರೆ ನಿಮಗೆ ಅದನ್ನು ಮತ್ತೆ ಆಡುವ ಆಸೆ ಕಡಿಮೆಯಾಗುತ್ತದೆಯೇ? ಆಗುತ್ತದೆ ಎಂದಾದರೆ ನಿಮ್ಮ ಸಂದೇಹದಲ್ಲಿ ಹುರುಳಿದೆ. ನನ್ನ ಊಹೆ, ಆಗುವುದಿಲ್ಲ ಎಂದು. ಹಟದಿಂದ ಇಷ್ಟಪಡುವವರು ಪತ್ರ ಬರೆದರೆ ಅದರಲ್ಲಿ ಜನರ ಮೂರ್ಖತನದ ವರ್ಣನೆಯೇ ಹೆಚ್ಚಾಗಿರುತ್ತದೆ. ನೀವು ಇಷ್ಟು ಚಿಕ್ಕ ಪತ್ರದಲ್ಲಿಯೂ, ಒಂದೇ ನಗರದಲ್ಲಿ ವರ್ಷಗಳು ಉರುಳುವುದು ಹಿಡಿಸಿತು ಎಂದು ಗೇಮಿನ ಬಗ್ಗೆಯೇ ಬರೆದಿದ್ದೀರಿ, ಬೈದವರ ಮೇಲೆ ಒಂದು ಕಟು ಮಾತೂ ಇಲ್ಲ.

ಗೆಳೆಯರೊಡನೆ ಮಾತಾದ ಮೇಲೆ, ಈ ಗೇಮ್‌ಗಳಲ್ಲಿ ಸ್ಟೀಮ್‌ನಲ್ಲಿ ಆಡಿದವುಗಳಿಗೆ ಅಲ್ಲಿಯೇ ನಿಮ್ಮ ಹೆಸರಿನಲ್ಲೇ ವಿಮರ್ಶೆ ಬರೆಯಿರಿ. ಎಷ್ಟು ಗಂಟೆ ಆಡಿದ್ದೀರಿ ಎಂಬುದನ್ನು ಸ್ಟೀಮ್ ತಾನೇ ತೋರಿಸುವುದರಿಂದ, ಆಡದೆ ಬರೆದಿದ್ದಾನೆ ಎಂದು ಯಾರೂ ಹೇಳಲಾರರು. ದೋಷಗಳನ್ನು ಮೊದಲು ಹೇಳಿ, ನಂತರ ಯಾವ ಬಗೆಯ ಆಟಗಾರರಿಗೆ ಇದು ಹಿಡಿಸೀತು ಎಂಬುದನ್ನು ಹೇಳಿ. ಅಂಥ ನಾಲ್ಕು ಸಾಲುಗಳು ಹತ್ತಕ್ಕೆ ಇಷ್ಟು ಎಂಬ ಅಂಕಕ್ಕಿಂತ ಹೆಚ್ಚು ಜನರಿಗೆ ದಾರಿ ತೋರಿಸುತ್ತವೆ.

ಒಂದು ಎಚ್ಚರಿಕೆ ಮಾತ್ರ ಉಳಿದಿದೆ. ಒಬ್ಬರೇ ಆಡುವ ಗೇಮನ್ನು ಜಗತ್ತೆಲ್ಲ ಬೈದರೂ ಅದು ನಿಮ್ಮ ಕೈತಪ್ಪುವುದಿಲ್ಲ, ಆದರೆ ಆನ್‌ಲೈನ್‌ನಲ್ಲಷ್ಟೇ ಆಡಬಹುದಾದ ಗೇಮ್ ಹಾಗಲ್ಲ. 2024ರ ಆಗಸ್ಟ್ 23ರಂದು ಬಿಡುಗಡೆಯಾದ ‘ಕಾನ್‌ಕಾರ್ಡ್’ ಆಡುವವರಿಲ್ಲದೆ ಸೆಪ್ಟೆಂಬರ್ 6ಕ್ಕೆ ಮುಚ್ಚಿಹೋಯಿತು. ಕೊಂಡವರಿಗೆಲ್ಲ ಹಣ ಮರಳಿಸಿದರು, ಆದರೆ ಅದನ್ನು ನಿಜವಾಗಿ ಮೆಚ್ಚಿದ್ದವರಿಗೆ ಗೇಮ್ ಮರಳಿ ಸಿಗಲಿಲ್ಲ. ನಿಮ್ಮ ಒಲವು ಎತ್ತ ಎಂದು ಗೊತ್ತಿರುವುದರಿಂದ, ಅಂಥ ಗೇಮ್ ಕೊಳ್ಳುವ ಮುನ್ನ ಸರ್ವರ್ ಇಲ್ಲದೆಯೂ ಆಡಬಹುದಾದ ಭಾಗವಿದೆಯೇ ಎಂದು ನೋಡಿಕೊಳ್ಳಿ. ಕೊಂಡ ಮೇಲೆ ಅನುಮಾನ ಬಂದರೂ, 14 ದಿನದೊಳಗೆ ಮತ್ತು ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಸ್ಟೀಮ್ ಹಣ ಹಿಂದಿರುಗಿಸುತ್ತದೆ.