22 ಪುಟದ ಸ್ಕ್ರಿಪ್ಟ್, 10 ನಿಮಿಷದ ಜಾಗ

ಪ್ರಶ್ನೆ: ಕಿರುಚಿತ್ರಗಳ ಅಂಥಾಲಜಿ ಸರಣಿಯೊಂದಕ್ಕೆ (ಒಂದೇ ವಿಷಯದ ಮೇಲೆ ಬೇರೆ ಬೇರೆ ಕಥೆಗಳು) ಸ್ಕ್ರಿಪ್ಟ್ ಕರೆದಿದ್ದಾರೆ. ವಿಷಯ ‘ವಾಪಸ್ ಬಂದವರು’, ಅವಧಿ 10 ನಿಮಿಷ. ಮನೆ ಬಿಟ್ಟು ಹೋದ ಮಗ ವರ್ಷಗಳ ಮೇಲೆ ಅಪ್ಪನ ಹತ್ತಿರ ಬರುವ ಕಥೆ ನನ್ನದು. 22 ಪುಟ ಆಗಿದೆ. ಡೈಲಾಗ್ ಕತ್ತರಿಸಿ ಕಳಿಸಿದರೆ ಸಾಕಾ? ಕ್ಯಾಮೆರಾ ಆ್ಯಂಗಲ್ ಬರೆಯಬೇಕಾ? ಕಥೆ ಕದ್ದುಬಿಟ್ಟರೆ?

ಉತ್ತರ: ಡೈಲಾಗ್ ಕತ್ತರಿಸಿದರೆ ಸಾಲದು. ಸರಿಯಾದ ಫಾರ್ಮ್ಯಾಟ್‌ನಲ್ಲಿ ಒಂದು ಪುಟ ಅಂದರೆ ಸುಮಾರು ಒಂದು ನಿಮಿಷ ಅನ್ನೋದು ವಾಡಿಕೆಯ ಲೆಕ್ಕ. ಹಾಗಾಗಿ ನೀವು ಅರ್ಧಕ್ಕಿಂತ ಜಾಸ್ತಿ ತೆಗೆಯಬೇಕು. ಅಷ್ಟೂ ಡೈಲಾಗ್‌ನಲ್ಲೇ ತೆಗೆದರೆ ಉಳಿಯುವುದು ಕಥೆಯ ಸಾರಾಂಶ.

ಬೇರೆ ದಾರಿ ಹಿಡಿಯಿರಿ. ಮಗ ಯಾಕೆ ಹೋದ, ಎಲ್ಲಿದ್ದ, ಹೇಗೆ ಬದಲಾದ, ಇದೆಲ್ಲ ಬಿಟ್ಟುಬಿಡಿ. ಅವನು ಬಾಗಿಲಿಗೆ ಬಂದು ನಿಂತಲ್ಲಿಂದ ಶುರು ಮಾಡಿ. ಅಪ್ಪ ಅವನನ್ನು ಒಳಗೆ ಕರೆಯುತ್ತಾನೋ ಇಲ್ಲವೋ, ಅಷ್ಟೇ ಕಥೆ. ಹಿಂದಿನದು ಬೇಕಾದರೆ ಒಂದು ಮಾತಿನಲ್ಲಿ, ಒಂದು ವಸ್ತುವಿನಲ್ಲಿ ಬರಲಿ. ಫ್ಲ್ಯಾಶ್‌ಬ್ಯಾಕ್ ಮಾತ್ರ ಬೇಡ. 10 ನಿಮಿಷದಲ್ಲಿ ಅದು ನುಂಗುವ ಜಾಗ ತುಂಬಾ.

‘ಅಪ್ಪನಿಗೆ ಹೊರಗೆ ಕೋಪ, ಒಳಗೆ ಪ್ರೀತಿ’ ಅಂತ ಬಹಳ ಜನ ಬರೆಯುತ್ತಾರೆ. ಅದನ್ನು ಕ್ಯಾಮೆರಾ ಹೇಗೆ ಹಿಡಿಯಬೇಕು? ಹೀಗೆ ಬರೆದು ನೋಡಿ: ‘ಹೊರಗೆ ಮಳೆ. ಅಪ್ಪ ಮಗನ ಮುಖ ನೋಡುವುದಿಲ್ಲ. ಬಗ್ಗಿ, ಮೆಟ್ಟಿಲ ಮೇಲೆ ನೆನೆಯುತ್ತಿದ್ದ ಅವನ ಚಪ್ಪಲಿಯನ್ನು ಎತ್ತಿ ಒಳಗಿಡುತ್ತಾನೆ.’ ಡೈಲಾಗ್ ಇಲ್ಲ, ವಿವರಣೆ ಇಲ್ಲ. ನಟನಿಗೆ ಮಾಡಲಿಕ್ಕೊಂದು ಕೆಲಸ ಸಿಕ್ಕಿತು, ನೋಡುವವರಿಗೆ ಅರ್ಥವೂ ಆಯಿತು.

ಕ್ಯಾಮೆರಾ ಆ್ಯಂಗಲ್ ಬೇಡ. ಅದು ನಿರ್ದೇಶಕರ ಕೆಲಸ, ಓದುವವರಿಗೂ ಅಡ್ಡಿ. ಪ್ರತಿ ದೃಶ್ಯದ ತಲೆಯಲ್ಲಿ ಒಳಾಂಗಣವೋ ಹೊರಾಂಗಣವೋ, ಜಾಗ ಯಾವುದು, ಹಗಲೋ ರಾತ್ರಿಯೋ ಅಂತ ಇದ್ದರೆ ಸಾಕು. ಪಿಡಿಎಫ್ ಮಾಡಿ ಕಳಿಸಿ. ಹೆಸರು ನೋಡದೆ ಓದುತ್ತೇವೆ ಅಂತ ಪ್ರಕಟಣೆಯಲ್ಲಿದ್ದರೆ ಮುಖಪುಟದಿಂದ ಮಾತ್ರ ಹೆಸರು ತೆಗೆದರೆ ಆಗಲಿಲ್ಲ, ಫೈಲ್‌ನ ಹೆಸರನ್ನೂ ನೋಡಿ. ಲಾಗ್‌ಲೈನ್, ಅಂದರೆ ಕಥೆಯ ತಿರುಳು, ಕೇಳಿದ್ದರೆ ಒಂದೇ ವಾಕ್ಯ, ಅದರಲ್ಲಿ ಕೊನೆಯ ತಿರುವನ್ನು ಬಚ್ಚಿಡಲಿಕ್ಕೆ ಹೋಗಿ ಒಗಟು ಮಾಡಬೇಡಿ.

ಇನ್ನೊಂದು ಮಾತು. ಅಂಥಾಲಜಿಯವರು ಹುಡುಕುವುದು ಒಟ್ಟಿಗೆ ಕೂರುವ ಕಥೆಗಳನ್ನು. ‘ವಾಪಸ್ ಬಂದವರು’ ಅಂದ ಕೂಡಲೇ ಮಗ ಮನೆಗೆ ಬರುವ ಕಥೆ ರಾಶಿ ಬರುತ್ತೆ, ಅಲ್ವಾ? ಅದರಲ್ಲಿ ಒಂದನ್ನು ತಗೊಂಡ ಮೇಲೆ ಎರಡನೆಯದು ಎಷ್ಟೇ ಚೆನ್ನಾಗಿದ್ದರೂ ಅವರಿಗೆ ಕಷ್ಟ. ನಿಮ್ಮ ಕಥೆಯಲ್ಲಿ ವಾಪಸ್ ಬಂದವನು ಮಗನ ಬದಲು ಅಪ್ಪ ಆದರೆ ಏನಾಗುತ್ತೆ ಅಂತ ಸುಮ್ನೆ ಒಮ್ಮೆ ಯೋಚಿಸಿ. ಖರ್ಚಿನ ಕಡೆಗೂ ಕಣ್ಣಿರಲಿ. ಒಂದೆರಡು ಜಾಗ, ಮೂರ್ನಾಲ್ಕು ಪಾತ್ರ ಇದ್ದರೆ ನಿರ್ಮಾಪಕರಿಗೆ ಧೈರ್ಯ ಬರುತ್ತೆ. ನಾನು ಮೇಲೆ ಬರೆದ ಮಳೆಯೂ ಖರ್ಚಿನ ಬಾಬ್ತೇ, ನಿಜ ಹೇಳಬೇಕೆಂದರೆ.

ಕದಿಯುವ ಭಯದ ಬಗ್ಗೆ. ಬರೀ ಐಡಿಯಾಗೆ ಕಾಪಿರೈಟ್ ಇಲ್ಲ, ನೀವು ಬರೆದ ರೂಪಕ್ಕೆ ಇದೆ. ಬಹುತೇಕ ದೇಶಗಳಲ್ಲಿ ಬರೆದ ಕ್ಷಣದಿಂದಲೇ ಅದು ನಿಮ್ಮದು. ನೋಂದಣಿ ಮಾಡಿಸಿದರೆ ಸಾಕ್ಷಿ ಗಟ್ಟಿಯಾಗುತ್ತೆ. ಹಳೆಯ ಕರಡುಗಳನ್ನೂ ಕಳಿಸಿದ ಇಮೇಲ್‌ಗಳನ್ನೂ ಅಳಿಸಬೇಡಿ. ಆದರೆ ಕಳ್ಳತನಕ್ಕಿಂತ ನಾನು ಹೆದರುವುದು ಓದದೆ ಸಹಿ ಹಾಕುವ ಫಾರ್ಮ್‌ಗೆ. ‘ಸಲ್ಲಿಸಿದ ಎಲ್ಲ ಸ್ಕ್ರಿಪ್ಟ್‌ಗಳ ಹಕ್ಕು ನಮ್ಮದು’ ಅನ್ನುವ ಸಾಲು ಕಂಡರೆ ಕಳಿಸಲೇಬೇಡಿ. ಆಯ್ಕೆಯಾದರೂ ಯಾವ ಹಕ್ಕು, ಎಷ್ಟು ಕಾಲಕ್ಕೆ ಕೊಡುತ್ತಿದ್ದೀರಿ ನೋಡಿ. ಇದೇ ಕಥೆಯನ್ನು ಮುಂದೆ ಪೂರ್ಣಾವಧಿ ಸಿನಿಮಾ ಮಾಡುವ ಹಕ್ಕು ನಿಮ್ಮಲ್ಲೇ ಉಳಿಯಬೇಕು ಅಂತ ಕೇಳಿ. ತೆರೆಯ ಮೇಲೆ ನಿಮ್ಮ ಹೆಸರು ಹೇಗೆ ಬರುತ್ತೆ ಅನ್ನೋದು ಬಾಯಿಮಾತಲ್ಲಿ ಬೇಡ, ಬರಹದಲ್ಲಿರಲಿ.

ಒಂದೇ ಸ್ಕ್ರಿಪ್ಟನ್ನು ಎರಡು ಕಡೆ ಕಳಿಸಬಹುದಾ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಿಯಮದಲ್ಲಿ ಬೇಡ ಅಂತ ಇಲ್ಲದಿದ್ದರೆ ಕಳಿಸಿ. ಒಂದು ಕಡೆ ಆಯ್ಕೆಯಾದ ಕೂಡಲೇ ಇನ್ನೊಂದು ಕಡೆಗೆ ಎರಡು ಸಾಲಿನ ಇಮೇಲ್ ಬರೆದು ವಾಪಸ್ ತಗೊಳ್ಳಿ.