ಗೋಡೆಗೆ ಚಿತ್ರ ಬಂದರೆ ಬಾಡಿಗೆ ಏರುತ್ತಾ?

ಪ್ರಶ್ನೆ: ಮೇಡಂ, ನಾವು ಹಲಸೂರಿನ ಒಂದು ಗಲ್ಲಿಯಲ್ಲಿ ಬಾಡಿಗೆಗೆ ಇದ್ದೇವೆ. ನಮ್ಮ ಯಜಮಾನರ ಟೈಲರ್ ಅಂಗಡಿಯೂ ಅಲ್ಲೇ. ಕೆಲವು ಹುಡುಗರು ಬಂದು ಗಲ್ಲಿಯ ಗೋಡೆಗೆಲ್ಲ ದೊಡ್ಡ ದೊಡ್ಡ ಚಿತ್ರ ಬರೆದುಕೊಡುತ್ತೇವೆ ಅಂದಿದ್ದಾರೆ. ಮಕ್ಕಳಿಗೆ ಖುಷಿಯೋ ಖುಷಿ. ಪಕ್ಕದ ಮನೆಯವರು ಮಾತ್ರ, "ಚಿತ್ರ ಬಂದ್ರೆ ರೇಟು ಏರುತ್ತೆ, ಓನರ್ ನಮ್ಮನ್ನ ಎಬ್ಬಿಸ್ತಾರೆ" ಅನ್ನುತ್ತಾರೆ. ನಿಜವೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಪಕ್ಕದ ಮನೆಯವರ ಭಯ ಸುಮ್ನೆ ಹುಟ್ಟಿದ್ದಲ್ಲಮ್ಮ. ಆದರೆ ಚಿತ್ರ ಬಂದ ಕಡೆಯೆಲ್ಲ ಬಾಡಿಗೆ ಏರುವುದಿಲ್ಲ. ಜಾಗ ಯಾರ ಕೈಯಲ್ಲಿದೆ ಅನ್ನುವುದನ್ನು ನೋಡಬೇಕು.

ಅಮೆರಿಕದ ಮಯಾಮಿಯಲ್ಲಿ ವಿನ್‌ವುಡ್ ಅಂತ ಒಂದು ಬಡಾವಣೆ. ಪೋರ್ಟೊರಿಕೊದಿಂದ ಬಂದ ದುಡಿಯುವ ಜನರ ಮನೆಗಳು, ಗೋದಾಮುಗಳು, ಉದ್ದಕ್ಕೂ ಬೋಳು ಗೋಡೆ. ಟೋನಿ ಗೋಲ್ಡ್‌ಮನ್ ಅನ್ನುವ ಬಿಲ್ಡರ್ ಅಲ್ಲಿ ಒಂದರ ಹಿಂದೆ ಒಂದು ಕಟ್ಟಡ ಕೊಂಡರು. ಆಮೇಲೆ, 2009ರಲ್ಲಿ, ದೇಶವಿದೇಶದ ಕಲಾವಿದರನ್ನು ಕರೆಸಿ ಗೋಡೆ ಬಿಟ್ಟುಕೊಟ್ಟರು. ಮೊದಲು ಖರೀದಿ, ಆಮೇಲೆ ಚಿತ್ರ. ಇದನ್ನು ಗಮನಿಸಿ. ಜನ ಬಂದರು, ಹೋಟೆಲು, ಗ್ಯಾಲರಿ ಬಂದವು. 2015ರಲ್ಲಿ ನಗರಾಡಳಿತ ನಿಯಮ ಬದಲಾಯಿಸಿ ಅಪಾರ್ಟ್‌ಮೆಂಟಿಗೂ ದಾರಿ ಮಾಡಿಕೊಟ್ಟಿತು. ರೇಟು ಹಾರಿತು. ಎಷ್ಟೋ ಹಳೇ ಬಾಡಿಗೆದಾರರು ಖಾಲಿ ಮಾಡಬೇಕಾಯಿತು. ಅವರಲ್ಲಿ ಕಲಾವಿದರೂ ಇದ್ದರು.

ನನ್ನನ್ನು ಜಾಸ್ತಿ ಕಾಡುವುದು ಬರ್ಲಿನ್ ಕಥೆ. ಅಲ್ಲಿನ ಕ್ರಾಯ್ಟ್ಸ್‌ಬರ್ಗ್‌ ಬಡಾವಣೆಯಲ್ಲಿ, ನದಿ ಹತ್ತಿರದ ಒಂದು ಖಾಲಿ ಸೈಟಿನ ಪಕ್ಕ, ಬ್ಲೂ ಅನ್ನುವ ಇಟಲಿಯ ಕಲಾವಿದರು 2007–08ರಲ್ಲಿ ಎರಡು ಗೋಡೆಗಳ ತುಂಬ ಚಿತ್ರ ಬರೆದಿದ್ದರು. ಒಂದರಲ್ಲಿ ತಲೆಯೇ ಕಾಣದ ಒಬ್ಬ ಮನುಷ್ಯ. ಟೈ ಸರಿಮಾಡಿಕೊಳ್ಳುತ್ತಿದ್ದಾನೆ. ಎರಡು ಕೈಗೂ ಚಿನ್ನದ ವಾಚು. ವಾಚುಗಳ ನಡುವೆ ಸರಪಳಿ, ಬೇಡಿ ತೊಡಿಸಿದ ಹಾಗೆ. ಆ ಸೈಟಿನಲ್ಲಿ ಗುಡಿಸಲು ಹಾಕಿಕೊಂಡಿದ್ದವರನ್ನು 2014ರಲ್ಲಿ ಎಬ್ಬಿಸಿದರು. ಅದೇ ಡಿಸೆಂಬರಿನ ಒಂದು ರಾತ್ರಿ, ಬ್ಲೂ ಒಪ್ಪಿಗೆಯಿಂದಲೇ, ಎರಡೂ ಚಿತ್ರಗಳಿಗೆ ಕಪ್ಪು ಬಣ್ಣ ಬಳಿದುಬಿಟ್ಟರು. ಆ ಚಿತ್ರಗಳು ಕಟ್ಟಡ ವ್ಯಾಪಾರಕ್ಕೆ ಜಾಹೀರಾತಾಗುವುದು ಅವರಿಗೆ ಬೇಡವಾಗಿತ್ತು. ಅವರ ಸಿಟ್ಟು ನ್ಯಾಯವಾದದ್ದೇ. ಆದರೂ ದಿನಾ ಆ ಗೋಡೆ ನೋಡಿಕೊಂಡು ಓಡಾಡುತ್ತಿದ್ದವರನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ದೆಹಲಿಯ ಲೋಧಿ ಕಾಲೊನಿಯ ಗೋಡೆಗಳಿಗೂ ಬೀದಿ ಕಲೆಯ ಸಂಸ್ಥೆಯಾದ ಸ್ಟಾರ್ಟ್ ಇಂಡಿಯಾ ಫೌಂಡೇಶನ್‌ನವರು ಚಿತ್ರ ಬರೆಸಿದ್ದಾರೆ. ಫೋಟೊ ತೆಗೆಯಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಆದರೆ ಅವು ಸರ್ಕಾರಿ ನೌಕರರ ಕ್ವಾರ್ಟರ್ಸ್. ಗೋಡೆ ಚಂದ ಆಯಿತು ಅಂತ ಅಲ್ಲಿ ಯಾರನ್ನೂ ಎಬ್ಬಿಸಲು ಆಗುವುದಿಲ್ಲ.

ಈಗ ನಿಮ್ಮ ಗಲ್ಲಿ. ಹಲಸೂರಿಗೆ 2011ರಲ್ಲೇ ಮೆಟ್ರೋ ಬಂತು. ಎಂ.ಜಿ. ರಸ್ತೆ ಪಕ್ಕದಲ್ಲೇ ಇದೆ. ಬಾಡಿಗೆ ಏರಿಸಲು ಓನರಿಗೆ ಅಷ್ಟೇ ಸಾಕಲ್ವಾ? ಚಿತ್ರ ಬೇಡ ಅಂದುಬಿಟ್ಟರೆ ಮಕ್ಕಳ ಖುಷಿ ಹೋಗುತ್ತದೆ, ಬಾಡಿಗೆ ನಿಲ್ಲುವುದಿಲ್ಲ.

ಬಣ್ಣಕ್ಕೆ ದುಡ್ಡು ಕೊಡುವವರು ಯಾರು ಅಂತ ಆ ಹುಡುಗರನ್ನೇ ನೇರವಾಗಿ ಕೇಳಿ. ಇತ್ತೀಚೆಗೆ ಒಬ್ಬರೇ ಎರಡು ಮೂರು ಮನೆ ಕೊಂಡಿದ್ದಾರಾ ಅಂತಲೂ ವಿಚಾರಿಸಿ. ಬೀದಿಯ ಬ್ರೋಕರಿಗೆ ಗೊತ್ತಿಲ್ಲದ ವಿಷಯ ಇರುವುದಿಲ್ಲ. ಇವೆರಡೂ ಒಬ್ಬರಲ್ಲಿಗೇ ಹೋಗಿ ಮುಟ್ಟಿದರೆ ಹುಷಾರಾಗಿರಿ.

ಮನೆಗಿಂತ ಅಂಗಡಿಯ ಚಿಂತೆ ನನಗೆ ಜಾಸ್ತಿ. ಜನ ಫೋಟೊಗೆ ಬರಲು ಶುರುವಾದರೆ ರಸ್ತೆಗೆ ಮುಖ ಮಾಡಿದ ಅಂಗಡಿಯ ಮೇಲೆ ಕಾಫಿ ಶಾಪಿನವರ ಕಣ್ಣು ಬೀಳುತ್ತದೆ. ಹನ್ನೊಂದು ತಿಂಗಳ ಅಗ್ರಿಮೆಂಟು ನೆಚ್ಚಿಕೊಂಡು ಕೂರಬೇಡಿ. ಓನರ್ ಒಪ್ಪಿದರೆ ಮೂರೋ ಐದೋ ವರ್ಷಕ್ಕೆ ಬರೆಸಿ. ವರ್ಷಕ್ಕೆ ಶೇಕಡಾ ಎಷ್ಟು ಏರಿಸಬೇಕು ಅನ್ನುವುದೂ ಅದರಲ್ಲಿ ಇರಲಿ. ಒಂದು ವರ್ಷ ಮೀರಿದ ಕರಾರಿಗೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. ಖರ್ಚು ಅಂತ ಅದನ್ನು ಬಿಡಬೇಡಿ. ಹುಡುಗರು ಬಣ್ಣದ ಡಬ್ಬ ತರುವ ಮೊದಲೇ ಈ ಕೆಲಸ ಮುಗಿಸಿಕೊಳ್ಳಿ.